ನೌಬಾದಿನ ಸುರಂಗ ಬಾವಿ: ಹೂಳು ತೆಗೆದಾಯಿತು, ನೋಡಿಕೊಳ್ಳುವವರು ಬೇಕು

ಬೀದರಿನ ನರಸಿಂಹ ಝರಣಿಗೆ ಹೋದವರಿಗೆ ಗೊತ್ತು. ಎದೆಮಟ್ಟದ ನೀರಿನಲ್ಲಿ, ತಲೆಯ ಮೇಲೆ ಬಾವಲಿ ನೇತಾಡುವ ಗವಿಯೊಳಗೆ ಸುಮಾರು 300 ಮೀಟರ್ ನಡೆದರೆ ದೇವರ ದರ್ಶನ. ಊರಿನ ಗುರುದ್ವಾರ ಗುರುನಾನಕ್ ಝೀರಾದಲ್ಲೂ ಕಲ್ಲಿನ ಸಂದಿಯಿಂದಲೇ ನೀರು ಬರುತ್ತದೆ. ಇಲ್ಲಿನ ನೆಲವೇ ಹಾಗೆ. ಮೇಲಿನ ಕೆಂಪು ಜಂಬಿಟ್ಟಿಗೆ ಮಳೆ ನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಕರಿಕಲ್ಲು ಅದನ್ನು ಸುಲಭಕ್ಕೆ ಇಳಿಯಗೊಡುವುದಿಲ್ಲ. ಹಾಗಾಗಿ ನೀರು ಅಡ್ಡಕ್ಕೆ ಹರಿಯುತ್ತದೆ.

ಈ ಗುಟ್ಟು ತಿಳಿದವರು ಕಟ್ಟಿದ್ದು ಕಾರೇಜ್, ಅಂದರೆ ಸುರಂಗ ಬಾವಿ. ಬೀದರಿನ ನೌಬಾದ್ ಪ್ರದೇಶದ ಕಾರೇಜ್ ಬಗ್ಗೆ ಈಗ ಒಬ್ಬೊಬ್ಬರದು ಒಂದೊಂದು ಮಾತು. ಕುಡಿಯುವ ನೀರಿಗೆ ಅಂತ ಕೆಲವರು, ಪ್ರವಾಸಿಗರಿಗೆ ಅಂತ ಕೆಲವರು, ನಿವೇಶನಕ್ಕೆ ಅಡ್ಡಿ ಅಂತ ಇನ್ನು ಕೆಲವರು. ಸ್ವಲ್ಪ ಹಿಂದಿನಿಂದ ನೋಡೋಣ.

1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಇರಾನಿನ ಕಡೆಯಿಂದ ಬಂದ ಜನರ ಜೊತೆ ಅಲ್ಲಿನ ನೀರಿನ ವಿದ್ಯೆಯೂ ಬಂತು. ಎತ್ತರದಲ್ಲಿ ಒಂದು ತಾಯಿ ಬಾವಿ. ಅಲ್ಲಿಂದ ನೆಲದೊಳಗೆ ಸಣ್ಣ ಇಳಿಜಾರಿನ ಕಾಲುವೆ. ಮಣ್ಣು ಎತ್ತಲು, ಗಾಳಿ ಆಡಲು, ನೀರು ಸೇದಲು ದಾರಿಯುದ್ದಕ್ಕೂ ಬಾವಿಯಂಥ ಕಿಂಡಿಗಳು. ಮೋಟರ್ ಬೇಡ, ಕರೆಂಟ್ ಬೇಡ. ನೌಬಾದಿನದು ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಕಿಂಡಿಗಳೇ 20ಕ್ಕೂ ಹೆಚ್ಚು. ಶುಕ್ಲತೀರ್ಥ, ಜಮ್ನಾ ಮೋರಿ ಅಂತ ಬೀದರಿನಲ್ಲಿ ಇನ್ನೂ ಎರಡಿವೆ.

ಬರೀದ್ ಶಾಹಿ, ಮೊಗಲರು, ನಿಜಾಮರು, 1956ರ ಏಕೀಕರಣ, ಆಮೇಲೆ ನಲ್ಲಿ, ಬೋರ್‌ವೆಲ್. ಅಷ್ಟರಲ್ಲಿ ಕಾರೇಜ್ ಮರೆತೇ ಹೋಯಿತು. ಕಿಂಡಿಗಳು ಕಸದ ಗುಂಡಿಗಳಾದವು. ಕೆಲವು ಮಣ್ಣಿನಡಿ ಸೇರಿದವು.

ಕೇರಳದ ಭೂಗೋಳ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿ ಅವರು ಸ್ಥಳೀಯ ಆಸಕ್ತರ ಜೊತೆ ಸುತ್ತಾಡಿ ಈ ಸುರಂಗದ ಜಾಡು ಹಿಡಿದರು. 2015ರ ಸುಮಾರಿಗೆ ನೌಬಾದಿನಲ್ಲಿ ಹೂಳೆತ್ತುವ ಕೆಲಸ ಶುರುವಾಯಿತು. ಅದು ಬರದ ಕಾಲ. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿತ್ತು. ಇಲ್ಲಿ ಐನೂರು ವರ್ಷ ಹಳೆಯ ಸುರಂಗದ ಹೂಳು ತೆಗೆದರೆ ನೀರು ಕಾಣಿಸಿತು. ಆ ಸಂತೋಷ ಸಣ್ಣದಲ್ಲ. ಕಿಂಡಿಯ ಪಕ್ಕ ನಿಂತು ಬಗ್ಗಿ ನೋಡಿದರೆ ಮೊದಲು ಮುಖಕ್ಕೆ ತಣ್ಣನೆ ಗಾಳಿ ತಾಗುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕೆಂಪು ಗೋಡೆ ಕಾಣುತ್ತದೆ. ತೂತು ತೂತು ಕಲ್ಲು, ಅದರ ತುಂಬ ತೇವ.

ಆದರೆ ಹೂಳು ಒಂದು ಸಲ ತೆಗೆದರೆ ಮುಗಿಯುವ ಕೆಲಸವಲ್ಲ. ಇರಾನಿನಲ್ಲಿ ಇದಕ್ಕೆಂದೇ ಮುಕನ್ನಿ ಅನ್ನುವ ಕೆಲಸಗಾರರಿದ್ದಾರೆ. ತಂದೆಯಿಂದ ಮಗನಿಗೆ ಬಂದ ವಿದ್ಯೆ ಅದು. ಅಲ್ಲಿ ಕನಾತ್ ಅಂತ ಕರೆಯುವ ಇಂಥ 11 ಸುರಂಗ ಬಾವಿಗಳು 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ನಮ್ಮದೇ ದಕ್ಷಿಣ ಕನ್ನಡ, ಕಾಸರಗೋಡಿನಲ್ಲೂ ಜಂಬಿಟ್ಟಿಗೆ ಗುಡ್ಡ ಕೊರೆದ ಸುರಂಗಗಳಿವೆ. ತೋಟದವರೇ ಅವನ್ನು ನೋಡಿಕೊಳ್ಳುತ್ತಾರೆ, ಯಾಕಂದರೆ ನೀರು ಅವರದು. ಬೀದರಿನಲ್ಲಿ ಸುರಂಗ ಮತ್ತೆ ಸಿಕ್ಕಿತು, ಅದನ್ನು ಕಾಯುವ ಕೈಗಳು ಸಿಗಲಿಲ್ಲ.

ನೌಬಾದಿನ ಹುಡುಗರು, ಹುಡುಗಿಯರಿಗೇ ಇದನ್ನು ಕಲಿಸಬಹುದಲ್ವಾ? ಇಳಿಯುವ ಮುಂಚೆ ದೀಪ ಇಳಿಸಿ ಗಾಳಿ ನೋಡುವುದು, ಯಾವ ಗೋಡೆ ಉದುರುತ್ತದೆ ಅಂತ ಗುರುತಿಸುವುದು, ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡುವುದು. ಸುಮ್ನೆ ಶ್ರಮದಾನ ಅಂತಲ್ಲ, ಸಂಬಳ ಕೊಟ್ಟು. ಸುರಂಗದ ಮೇಲೆ ಮನೆ ಕಟ್ಟಲು ಗುರುತು ಹಾಕುವಾಗ ಅವರ ಮಾತಿಗೂ ಬೆಲೆ ಇರಬೇಕು.

ಮೊದಲ ಮಳೆ ರಸ್ತೆಯ ಕಸವನ್ನೆಲ್ಲ ಹೊತ್ತುಕೊಂಡು ಬರುತ್ತದೆ. ಕಿಂಡಿಯ ಕಟ್ಟೆ ಒಡೆದಿದ್ದರೆ ಅದು ನೇರ ಒಳಗೆ ಇಳಿಯುತ್ತದೆ. ಮೇ ಮುಗಿಯುವುದರೊಳಗೆ ಒಂದೊಂದೇ ಕಟ್ಟೆ ನೋಡಿಕೊಂಡು ಬರಬೇಕು, ಅದು ಒಂದು ದಿನದ ಕೆಲಸ.