ಕುರ್ಚಿ ಖಾಲಿ ಇದ್ದರೂ ಊಟಕ್ಕೆ ಯಾಕೆ ಕಾಯಬೇಕು?

"ಕುರ್ಚಿ ಖಾಲಿ ಅದಾವಲ್ಲ ತಮ್ಮಾ, ನಮ್ಮನ್ನ ಯಾಕ ನಿಂದ್ರಸ್ಯಾರ?"

ಗಂಗಾವತಿಯ ನಮ್ಮ ದೊಡ್ಡವ್ವ ಈ ಪ್ರಶ್ನೆ ಕೇಳಿದ್ದು ಸಮುದ್ರದ ಮೇಲೆ. ಸಿಂಗಪುರದಲ್ಲಿ ಮಗನ ಮನೆಯಲ್ಲಿ ಒಂದು ತಿಂಗಳು ಇದ್ದರು. ನಾನೂ ಹೋಗಿ ಸೇರಿಕೊಂಡೆ. ಎಲ್ಲರೂ ನಾಲ್ಕು ರಾತ್ರಿಯ ಹಡಗು ಪ್ರವಾಸ ಹೊರಟೆವು. ಟಿಕೆಟ್ ಮಾಡಿಸುವಾಗಲೇ ಒಂದು ಪ್ರಶ್ನೆ ಇತ್ತು. ರಾತ್ರಿ ಊಟಕ್ಕೆ ದಿನಾ ಒಂದೇ ಹೊತ್ತು, ಒಂದೇ ಟೇಬಲ್ ಬೇಕಾ? ಅಥವಾ ನಿಮಗೆ ಬೇಕೆನಿಸಿದಾಗ ಬರುತ್ತೀರಾ? ರಜೆಯಲ್ಲೂ ಗಡಿಯಾರ ನೋಡಬೇಕಾ ಅಂತ ನಾನು ಎರಡನೆಯದಕ್ಕೆ ಗುರುತು ಹಾಕಿದ್ದೆ.

ಮೊದಲ ರಾತ್ರಿ 8 ಗಂಟೆಗೆ ಊಟದ ಹಾಲಿನ ಮುಂದೆ ನಿಂತಿದ್ದೆವು. ಕೈಯಲ್ಲಿ ಒಂದು ಪುಟ್ಟ ಬಜರ್ ಕೊಟ್ಟಿದ್ದರು. ಅದು ಗುರ್ ಅಂದಾಗ ಒಳಗೆ ಹೋಗಬೇಕು. ಊಟಕ್ಕೆ ಮುಂಚೆ ತಗೊಳ್ಳುವ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದೊಡ್ಡವ್ವ ಕೋಣೆಯಲ್ಲೇ ನುಂಗಿ ಬಂದಿದ್ದರು. ಅಂಥ ಕೆಲವು ಮಾತ್ರೆ ತಗೊಂಡ ಮೇಲೆ ಊಟ ತಡವಾದರೆ ರಕ್ತದಲ್ಲಿನ ಸಕ್ಕರೆ ತೀರಾ ಇಳಿಯಬಹುದು. ನನಗೆ ಹೆದರಿಕೆ ಆಯಿತು. ಚೀಲದಲ್ಲಿದ್ದ ಬಿಸ್ಕತ್ತು ತಿನ್ನಿಸಿದೆ. ಗಾಜಿನ ಬಾಗಿಲಿನ ಆಚೆ ಖಾಲಿ ಕುರ್ಚಿಗಳು ಚೆನ್ನಾಗಿಯೇ ಕಾಣುತ್ತಿದ್ದವು.

ಅವರ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಕಾಗದ, ಪೆನ್ಸಿಲ್ ಹಿಡಿದು ಕೂತೆ.

ದೊಡ್ಡ ಪ್ರವಾಸಿ ಹಡಗು ಅಂದರೆ ಒಂದು ತೇಲುವ ಊರು. 2024ರಲ್ಲಿ ಓಡಾಟ ಶುರು ಮಾಡಿದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಕೋಣೆಗೆ ಇಬ್ಬರಂತೆ ಹಿಡಿದರೂ 5,610 ಪ್ರಯಾಣಿಕರು ಆಗುತ್ತಾರೆ. ಅಷ್ಟೂ ಜನರಿಗೆ ಒಟ್ಟಿಗೆ ಊಟ ಹಾಕುವಷ್ಟು ದೊಡ್ಡ ಹಾಲ್ ಕಟ್ಟಿದರೆ ಉಳಿದ ಹೊತ್ತು ಅದು ಖಾಲಿ ಬಿದ್ದಿರುತ್ತದೆ. ಸಮುದ್ರದ ಮೇಲೆ ಜಾಗ ಬಲು ದುಬಾರಿ. ಹಾಗಾಗಿ ಹಡಗಿನವರು ಹಿಂದಿನಿಂದಲೂ ಎರಡು ಪಂಕ್ತಿ ಮಾಡುತ್ತಾರೆ. ಸಂಜೆ 6ರ ಸುಮಾರಿಗೆ ಒಂದು, 8 ದಾಟಿದ ಮೇಲೆ ಇನ್ನೊಂದು. ಇದರಲ್ಲಿ ಇನ್ನೂ ಒಂದು ಜಾಣತನ ಇದೆ. ಮೊದಲ ಪಂಕ್ತಿಯವರು ಉಣ್ಣುವಾಗ ಎರಡನೆಯವರು ನಾಟಕ, ಹಾಡು ನೋಡುತ್ತಿರುತ್ತಾರೆ. ಆಮೇಲೆ ಅದಲು ಬದಲು. ಊಟದ ಹಾಲೂ ಅರ್ಧ ಜನಕ್ಕೆ ಸಾಕು, ರಂಗಮಂದಿರವೂ ಅರ್ಧ ಜನಕ್ಕೆ ಸಾಕು.

2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಈ ಕಟ್ಟನ್ನು ಸಡಿಲ ಮಾಡಿತು. ಯಾವಾಗ ಬೇಕಾದರೂ ಬನ್ನಿ, ಯಾರ ಜೊತೆ ಬೇಕಾದರೂ ಕೂಡಿ ಅಂತ ಹೇಳಿತು. ಜನಕ್ಕೆ ಇಷ್ಟವಾಯಿತು. ಆಮೇಲೆ ಬೇರೆ ಕಂಪನಿಗಳೂ ಇಂಥ ವ್ಯವಸ್ಥೆ ತಂದವು. ಈಗ ಎಷ್ಟೋ ಹಡಗುಗಳಲ್ಲಿ ಎರಡೂ ಸಿಗುತ್ತದೆ, ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿ.

ಈಗ ನನ್ನ ಲೆಕ್ಕಕ್ಕೆ ಬರೋಣ. ಸುಮ್ನೆ ಒಂದು ಹಾಲ್ ಊಹಿಸಿಕೊಳ್ಳಿ. 600 ಕುರ್ಚಿ. ಒಬ್ಬರ ಊಟಕ್ಕೆ ಒಂದೂವರೆ ಗಂಟೆ. ಉಣ್ಣಬೇಕಾದವರು 1,200 ಜನ. 6ಕ್ಕೆ 600, 8ಕಾಲಿಗೆ 600 ಅಂತ ಕೂರಿಸಿದರೆ ಯಾರೂ ನಿಲ್ಲಬೇಕಾಗಿಲ್ಲ. ನಡುವೆ ಟೇಬಲ್ ಒರೆಸಿ, ಬಟ್ಟೆ ಬದಲಿಸಲು ಮುಕ್ಕಾಲು ಗಂಟೆ ಬೇರೆ ಸಿಗುತ್ತದೆ.

ಅದೇ 1,200 ಜನ ತಮಗೆ ಬೇಕಾದಾಗ ಬಂದರು ಅಂತ ಇಟ್ಟುಕೊಳ್ಳಿ. 6ರಿಂದ 7ರೊಳಗೆ ಹಸಿವು ಕಮ್ಮಿ, 200 ಜನ ಬರುತ್ತಾರೆ. 7ರಿಂದ 8ರೊಳಗೆ 600. 8ರಿಂದ 9ರೊಳಗೆ 400. 7 ಗಂಟೆಗೆ ಹಾಲಿನಲ್ಲಿ 400 ಕುರ್ಚಿ ಖಾಲಿ. 7 ಮುಕ್ಕಾಲಿಗೆ ಹಾಲ್ ಭರ್ತಿ. 8ಕ್ಕೆ ಬಾಗಿಲ ಹೊರಗೆ 100 ಜನ. ನೀವು ಆಗ ಹೋದರೆ ನಿಮ್ಮ ಮುಂದಿರುವ ಆ ನೂರು ಜನಕ್ಕೆ ಜಾಗ ಸಿಗಬೇಕು. 8ರಿಂದ ಎಂಟೂವರೆಯೊಳಗೆ ಎದ್ದು ಹೋಗುವವರು ಯಾರು? ಆರೂವರೆಯಿಂದ 7ರೊಳಗೆ ಬಂದು ಕೂತವರು. ಅವರು ಇರುವುದೇ 100. ಅಂದರೆ ನಿಮಗೆ ಅರ್ಧ ಗಂಟೆ ಕಾಯುವುದು ತಪ್ಪಿದ್ದಲ್ಲ.

ಈ ಲೆಕ್ಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿಷಯ. ನಾವು ಎಂಟಕ್ಕೆ ನಿಂತಿದ್ದು ಎಂಟು ಗಂಟೆಯ ಜನಜಂಗುಳಿಯಿಂದ ಮಾತ್ರ ಅಲ್ಲ. ಆರೂವರೆಗೆ ಕುರ್ಚಿಗಳು ಖಾಲಿ ಇದ್ದದ್ದರಿಂದ. ಆವಾಗ ಯಾರೂ ಕೂರಲಿಲ್ಲ, ಆದ್ದರಿಂದ ಈಗ ಯಾರೂ ಏಳುತ್ತಿಲ್ಲ. ಕುರ್ಚಿಯ ಹೊತ್ತು ಭತ್ತದ ಹಾಗಲ್ಲ. ಚೀಲಕ್ಕೆ ತುಂಬಿ ಗೋದಾಮಿನಲ್ಲಿ ಇಟ್ಟು ಆಮೇಲೆ ಬಳಸೋಕೆ ಆಗಲ್ಲ. ಆರೂವರೆಯ ಖಾಲಿ ಕುರ್ಚಿ ಆರೂವರೆಗೇ ಹಾಳಾಗಿ ಹೋಯಿತು.

ಆದರೆ ದೊಡ್ಡವ್ವ ಕಂಡ ಖಾಲಿ ಕುರ್ಚಿಗಳು ಎಂಟು ಗಂಟೆಯವು. ಅದಕ್ಕೆ ಕಾರಣ ಬೇರೆ. ಬೇಕಾದಾಗ ಬರುವವರು ಸಾಮಾನ್ಯವಾಗಿ ತಮ್ಮದೇ ಟೇಬಲ್ ಬೇಕು ಅನ್ನುತ್ತಾರೆ. ನಾಲ್ವರ ಟೇಬಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರೇ ಕೂತರೆ ಎರಡು ಕುರ್ಚಿ ಖಾಲಿ, ಆದರೆ ಟೇಬಲ್ ಭರ್ತಿ. ನಾವು ಐದು ಜನ ಇದ್ದೆವು. ನಮಗೆ ಆರು ಜನರ ಟೇಬಲ್ಲೇ ಬೇಕು. ಇಬ್ಬಿಬ್ಬರಂತೆ ಮೂರು ಜೋಡಿ ಎದ್ದು ಹೋದರೂ ನಮಗೆ ಉಪಯೋಗ ಇಲ್ಲ. ಇನ್ನೊಂದು ಕಾರಣ ಬಾಗಿಲಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಟೇಬಲ್ ಖಾಲಿ ಇದ್ದರೂ ಅದನ್ನು ನೋಡಿಕೊಳ್ಳುವ ಹುಡುಗ ಈಗಷ್ಟೇ ಎರಡು ಹೊಸ ಗುಂಪಿನ ಆರ್ಡರ್ ತಗೊಂಡಿರಬಹುದು. ಮೂರನೆಯ ಗುಂಪನ್ನೂ ಕೂರಿಸಿದರೆ ಮೂವರಿಗೂ ತಡ. ಅದಕ್ಕೆ ಬಾಗಿಲಲ್ಲೇ ಸ್ವಲ್ಪ ತಡೆಯುತ್ತಾರೆ. ಕಾಯುವ ಜಾಗ ಬದಲಾಗುತ್ತದೆ, ಅಷ್ಟೇ.

ನನ್ನ ಮೇಲಿನ ಲೆಕ್ಕದಲ್ಲಿ ಜನ ಒಂದೇ ಸಮ ಬಂದರು ಅಂತ ಹಿಡಿದಿದ್ದೆ. ನಿಜದಲ್ಲಿ ಹಾಗೆ ಎಲ್ಲಿ ಬರುತ್ತಾರೆ? ಹತ್ತು ನಿಮಿಷ ಯಾರೂ ಇರಲ್ಲ, ಆಮೇಲೆ ಒಮ್ಮೆಗೇ ಮೂವತ್ತು ಜನ. ಈ ಏರುಪೇರಿಗೆ ಮೊದಲು ಗಣಿತ ಕಟ್ಟಿದವರು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಎಷ್ಟು ಲೈನ್ ಇದ್ದರೆ ಫೋನ್ ಮಾಡುವವರು ಜಾಸ್ತಿ ಕಾಯಬೇಕಾಗಿಲ್ಲ ಅನ್ನುವುದು ಅವರ ಪ್ರಶ್ನೆ. 1909ರಲ್ಲಿ ಮೊದಲ ಲೇಖನ ಪ್ರಕಟಿಸಿದರು. ಸರತಿ ಸಾಲಿನ ಗಣಿತ ಹುಟ್ಟಿದ್ದು ಅಲ್ಲಿಂದ. ಇವತ್ತು ಬ್ಯಾಂಕು, ಆಸ್ಪತ್ರೆ, ಮೊಬೈಲ್ ಜಾಲ ಎಲ್ಲದರಲ್ಲೂ ಅದೇ ಗಣಿತ ಇದೆ.

ಅದರ ಒಂದು ಫಲಿತಾಂಶವನ್ನು ಬಳ್ಳಾರಿಯ ವಗ್ಗರಣಿ ಮಿರ್ಚಿ ಗಾಡಿಯ ಮುಂದೆ ನಿಂತು ನೋಡೋಣ. ಗಾಡಿಯಲ್ಲಿ ಒಬ್ಬರೇ. ಒಂದು ಗಿರಾಕಿಗೆ ಸರಾಸರಿ 2 ನಿಮಿಷ, ಆದರೆ ಒಬ್ಬರು ಒಂದು ಪ್ಲೇಟ್ ಕೇಳಿದರೆ ಇನ್ನೊಬ್ಬರು ಹತ್ತು ಪಾರ್ಸಲ್ ಕೇಳುತ್ತಾರೆ. ಜನ ತೋಚಿದಾಗ ಬರುತ್ತಾರೆ. ಗಾಡಿಯವರು ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ ನೀವು ಕಾಯುವುದು ಸರಾಸರಿ 2 ನಿಮಿಷ. ನೂರಕ್ಕೆ 80 ಪಾಲು ಕೆಲಸದಲ್ಲಿದ್ದರೆ 8 ನಿಮಿಷ. 90 ಪಾಲು ಆದರೆ 18. 95 ಆದರೆ 38 ನಿಮಿಷ! 90ರಿಂದ 95ಕ್ಕೆ ಹೋಗಲು ಕೆಲವೇ ಗಿರಾಕಿ ಸಾಕು, ಕಾಯುವ ಹೊತ್ತು ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಹಡಗಿನ ಊಟದ ಹಾಲಿನಲ್ಲಿ ಟೇಬಲ್ ತುಂಬಾ ಇರುವುದರಿಂದ ಲೆಕ್ಕ ಇಷ್ಟು ಕಟುವಾಗಿ ಇರುವುದಿಲ್ಲ. ಆದರೆ ಸ್ವಭಾವ ಅದೇ. ಒಂದು ರಾತ್ರಿ ಐದು ನಿಮಿಷಕ್ಕೆ ಜಾಗ ಸಿಗುತ್ತದೆ, ಮರುದಿನ ಅದೇ ಹೊತ್ತಿಗೆ ಹೋದರೆ ಮುಕ್ಕಾಲು ಗಂಟೆ. ಯಾರೂ ತಪ್ಪು ಮಾಡಿರುವುದಿಲ್ಲ.

ಈ ಏರುಪೇರನ್ನು ತಡೆದುಕೊಳ್ಳಲು ಇರುವ ದಾರಿಗಳು ಮೂರೇ. ಬಂದವರು ಕಾಯಬೇಕು. ಇಲ್ಲ, ಜಾಗ ಮತ್ತು ಕೈಯಾಳು ಹೆಚ್ಚುವರಿ ಇರಬೇಕು. ಇಲ್ಲ, ಮೊದಲೇ ಮಾಡಿಟ್ಟದ್ದು ಇರಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ನಾನು ಹಡಗಿಗೆ ಹೋಗಬೇಕಾಗಿರಲಿಲ್ಲ. ಕೊಪ್ಪಳದ ಗವಿಮಠದ ಜಾತ್ರೆ ಸಾಕಿತ್ತು.

ಜನವರಿಯಲ್ಲಿ ಆ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಹಾದಾಸೋಹ ದಿನಗಟ್ಟಲೆ ನಡೆಯುತ್ತದೆ. ಬಂದ ಹೊತ್ತಿಗೆ ಊಟ. ಇದಕ್ಕಿಂತ ಸಡಿಲವಾದ ಊಟದ ಹೊತ್ತು ಯಾವ ಹಡಗಿನಲ್ಲೂ ಇಲ್ಲ. ಆದರೂ ಸಾಲು ಸರಸರ ಸಾಗುತ್ತದೆ. ಯಾಕೆ? ಮೂರು ದಾರಿಯಲ್ಲಿ ಎರಡನ್ನು ಅಲ್ಲಿ ಧಾರಾಳವಾಗಿ ಬಳಸುತ್ತಾರೆ. ಬಡಿಸುವ ಕೈಗಳು ಬೇಕಾದಷ್ಟು, ಕೌಂಟರುಗಳು ಸಾಲು ಸಾಲು. ಇನ್ನು ಖಡಕ್ ರೊಟ್ಟಿ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಮನೆ ಮನೆಯಲ್ಲಿ ಮೊದಲೇ ಬಡಿದು, ಒಣಗಿಸಿ, ಕಟ್ಟಿಟ್ಟಿರುತ್ತಾರೆ. ಟ್ರ್ಯಾಕ್ಟರುಗಳಲ್ಲಿ ತುಂಬಿ ಮೆರವಣಿಗೆಯಲ್ಲಿ ತರುತ್ತಾರೆ. ಮಾದಲಿಯೂ ಹಾಗೇ, ನಾಲ್ಕು ದಿನ ಇಟ್ಟರೂ ಕೆಡದ ಸಿಹಿ. ನಮ್ಮ ಪಾಲಿನ ಕಾಯುವಿಕೆಯನ್ನು ಆ ಒಲೆಗಳ ಮುಂದೆ ಆ ತಾಯಂದಿರು ಮೊದಲೇ ತೀರಿಸಿರುತ್ತಾರೆ. ಹಡಗಿನ ಹಾಲಿನಲ್ಲಿ ಒಬ್ಬರಿಗೆ ಸೂಪು, ಇನ್ನೊಬ್ಬರಿಗೆ ಮೀನು, ಮತ್ತೊಬ್ಬರಿಗೆ ಈರುಳ್ಳಿ ಇಲ್ಲದ ಊಟ. ಎಲ್ಲ ಕೇಳಿದ ಮೇಲೆ ತಟ್ಟೆಗೆ ಹೊಂದಿಸಬೇಕು. ದಾಸೋಹದಲ್ಲಿ ಎಲ್ಲರಿಗೂ ಒಂದೇ ಊಟ. ತಂದೆ ಮಗ ಒಂದೇ ಟೇಬಲ್ ಬೇಕು ಅಂತ ಯಾರೂ ಕೇಳುವುದಿಲ್ಲ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂತು ಉಣ್ಣುತ್ತಾರೆ.

ನಮ್ಮ ಮದುವೆ ಮನೆಯ ಪಂಕ್ತಿ ಇನ್ನೊಂದು ತುದಿ. ಒಂದು ಸಾಲು ಕೂತರೆ ಒಂದು ಎಲೆಯೂ ಖಾಲಿ ಉಳಿಯಲ್ಲ. ಎಲ್ಲರಿಗೂ ಒಟ್ಟಿಗೆ ಅನ್ನ, ಒಟ್ಟಿಗೆ ಸಾರು. ಜಾಗದ ಬಳಕೆ ಅಂದರೆ ಅದು. ಕಷ್ಟ ಇರುವುದು ಎರಡನೇ ಪಂಕ್ತಿಯವರಿಗೆ. ತಮ್ಮ ಸರದಿ ಯಾವಾಗ ಅಂತ ಗೊತ್ತಿಲ್ಲದೆ, ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತಿರುತ್ತಾರಲ್ಲ, ಉಣ್ಣುವವರಿಗೂ ಮುಜುಗರ, ನಿಂತವರಿಗೂ ಮುಜುಗರ. ಹಡಗಿನ ನಿಗದಿತ ಊಟ ಅಂದರೆ ಹೆಸರು ಬರೆದಿಟ್ಟ ಪಂಕ್ತಿ. ನೀವು ಎರಡನೆಯವರು, 8ಕಾಲಿಗೆ ಬನ್ನಿ. ಅಷ್ಟು ಹೇಳಿದರೆ ಬೆನ್ನ ಹಿಂದೆ ಯಾರೂ ನಿಲ್ಲಬೇಕಾಗಿಲ್ಲ.

ಗೊತ್ತಿದ್ದು ಕಾಯುವುದಕ್ಕೂ ಗೊತ್ತಿಲ್ಲದೆ ಕಾಯುವುದಕ್ಕೂ ಎಷ್ಟು ವ್ಯತ್ಯಾಸ! 1985ರಲ್ಲಿ ಡೇವಿಡ್ ಮೈಸ್ಟರ್ ಅನ್ನುವವರು ಸರತಿಯಲ್ಲಿ ನಿಂತವರ ಮನಸ್ಸಿನ ಬಗ್ಗೆ ಬರೆದರು. ಎಷ್ಟು ಹೊತ್ತು ಅಂತ ತಿಳಿಯದ ಕಾಯುವಿಕೆ ಜಾಸ್ತಿ ಉದ್ದ ಅನ್ನಿಸುತ್ತದೆ. ಕಾರಣ ತಿಳಿಯದಿದ್ದರೂ ಹಾಗೇ. ನಮಗಿಂತ ಆಮೇಲೆ ಬಂದವರು ಮೊದಲು ಒಳಗೆ ಹೋದರೆ ಇನ್ನೂ ಉದ್ದ. ಬಜರ್ ಹಿಡಿದು ನಿಂತ ನಮಗೆ ಈ ಮೂರೂ ಆಗಿತ್ತು. ಇಬ್ಬರು ಬಂದವರೇ ಒಳಗೆ ಹೋದಾಗ ದೊಡ್ಡವ್ವನ ಮುಖ ಸಪ್ಪಗಾಗಿದ್ದು ನನಗೆ ಇನ್ನೂ ನೆನಪಿದೆ. ಇಬ್ಬರ ಟೇಬಲ್ ಖಾಲಿಯಾಯಿತು ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೊಟ್ಟೆಗೂ ಅದರದೇ ಗಡಿಯಾರ ಇದೆ. 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಜೊತೆಗಾರರು ಜಠರದಿಂದ ಹೊರಡುವ, ಹಸಿವು ಎಬ್ಬಿಸುವ ಗ್ರೆಲಿನ್ ಅನ್ನುವ ಹಾರ್ಮೋನನ್ನು ಕಂಡುಹಿಡಿದರು. ಊಟಕ್ಕೆ ಸ್ವಲ್ಪ ಮುಂಚೆ ರಕ್ತದಲ್ಲಿ ಅದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ದಿನಾ ಒಂದೇ ಹೊತ್ತಿಗೆ ಉಣ್ಣುವವರ ದೇಹ ಆ ಹೊತ್ತನ್ನು ಕಲಿತುಬಿಡುತ್ತದೆ, ಅನ್ನ ಕಾಣುವ ಮುಂಚೆಯೇ ತಯಾರಿ ಶುರು ಮಾಡುತ್ತದೆ. ದೊಡ್ಡವ್ವ ಗಂಗಾವತಿಯಲ್ಲೂ, ಮಗನ ಮನೆಯಲ್ಲೂ ಉಣ್ಣುವುದು ಏಳೂವರೆಗೆ. ನಾನು ಎಂಟರವರೆಗೆ ತಡ ಮಾಡಿ, ಆಮೇಲೆ ಬಾಗಿಲಲ್ಲಿ ನಿಲ್ಲಿಸಿದ್ದೆ.

ಹಾಗಂತ ಎಲ್ಲರಿಗೂ ನಿಗದಿತ ಹೊತ್ತೇ ಸರಿ ಅಂತ ನಾನು ಹೇಳಲಾರೆ. ಹಡಗು ಬಂದರಿನಲ್ಲಿ ನಿಂತ ದಿನ ಊರು ನೋಡಿ ಬರಲು ತಡವಾಗುತ್ತದೆ. 6ರ ಪಂಕ್ತಿಗೆ ಓಡೋಡಿ ಬರಬೇಕು ಅಂದರೆ ಬೇಜಾರೇ. ಇಬ್ಬರೇ ಹೋಗುವ ಗಂಡ ಹೆಂಡತಿಗೆ ಸಣ್ಣ ಟೇಬಲ್ ಬೇಗ ಸಿಗುತ್ತದೆ, ಅವರು ಬೇಕಾದಾಗ ಹೋಗಲಿ. ಆರೂವರೆಗೇ ಹೋದರೆ ಇನ್ನೂ ಸುಲಭ. ಆದರೆ ಐದಾರು ಜನ, ಅದರಲ್ಲೂ ವಯಸ್ಸಾದವರು, ಮಾತ್ರೆ ತಗೊಳ್ಳುವವರು ಜೊತೆಗಿದ್ದರೆ ಟಿಕೆಟ್ ಮಾಡಿಸುವ ದಿನವೇ ಹೊತ್ತು ಗೊತ್ತುಮಾಡಿಕೊಳ್ಳಿ. ಆ ಕಾಲಂ ನೋಡದೆ ದಾಟಬೇಡಿ.

ಮರುದಿನ ಬೆಳಿಗ್ಗೆ ಊಟದ ಹಾಲಿನ ಮುಖ್ಯಸ್ಥರನ್ನು ಹುಡುಕಿಕೊಂಡು ಹೋದೆ. ಎರಡನೇ ಪಂಕ್ತಿ ತುಂಬಿತ್ತು. ಮೊದಲನೆಯದರಲ್ಲಿ ಎಂಟು ಜನರ ಟೇಬಲ್ಲಿನಲ್ಲಿ ಐದು ಜಾಗ ಇತ್ತು, ಬದಲಾಯಿಸಿ ಕೊಟ್ಟರು. 6 ಗಂಟೆ ದೊಡ್ಡವ್ವನಿಗೆ ಬೇಗವೇ. ಆದರೂ ಮಾತ್ರೆಯನ್ನು ಐದೂವರೆಗೆ ನುಂಗಿದರೆ ಆಯಿತು, ಊಟ ಎಷ್ಟೊತ್ತಿಗೆ ಅಂತ ಗೊತ್ತಿತ್ತಲ್ಲ. ಟೇಬಲ್ಲಿನಲ್ಲಿ ಜೊತೆಗೆ ಮಧುರೈ ಕಡೆಯ ಒಂದು ಕುಟುಂಬ. ಭಾಷೆ ಬರದಿದ್ದರೂ ದೊಡ್ಡವ್ವ ಆ ಮನೆಯ ಅಜ್ಜಿಯ ಜೊತೆ ಉಪ್ಪಿನಕಾಯಿ ಹಂಚಿಕೊಂಡರು. ಬಡಿಸುವ ಹುಡುಗ ಮೂರೂ ದಿನ ಒಬ್ಬನೇ. ಎರಡನೇ ಸಂಜೆ ಅವನು ಕೇಳದೆಯೇ ಮೊಸರು, ಹೆಚ್ಚಿದ ಹಸಿಮೆಣಸಿನಕಾಯಿ ತಂದಿಟ್ಟ.

ಕೊನೆಯ ದಿನ ನಾವು ಸ್ವಲ್ಪ ಮುಂಚೆಯೇ ಹೋದೆವು. ಬಾಗಿಲು ತೆರೆದಾಗ ಹಾಲಿನ ಉದ್ದಕ್ಕೂ ಒಂದೊಂದು ಟೇಬಲ್ಲಿನ ಪಕ್ಕ ಒಬ್ಬೊಬ್ಬರು ಬಡಿಸುವವರು ನಿಂತಿದ್ದರು, ಕೈ ಕಟ್ಟಿಕೊಂಡು, ನಮ್ಮ ದಾರಿ ನೋಡುತ್ತಾ. ದೊಡ್ಡವ್ವ ಅವರನ್ನು ಒಂದು ಕಡೆಯಿಂದ ನೋಡುತ್ತಾ ಬಂದರು. "ಇವರು ಯಾವಾಗ ಉಣ್ತಾರ, ಕೇಳಪಾ" ಅಂದರು. ಕೇಳಿದೆ. ನೀವು ಬರುವ ಮುಂಚೆಯೇ, ಕೆಳಗೆ ನಮ್ಮ ಊಟದ ಕೋಣೆಯಲ್ಲಿ, ದಿನಾ ಅದೇ ಹೊತ್ತಿಗೆ ಅಂದ ಆ ಹುಡುಗ.

"ಉಂಡಾರಂತ" ಅಂತ ದೊಡ್ಡವ್ವ ಆ ಮಧುರೈ ಅಜ್ಜಿಗೆ ಕನ್ನಡದಲ್ಲೇ ಹೇಳಿ, ತಟ್ಟೆ ಎಳೆದುಕೊಂಡರು.