ಲೈಡನ್ ನೆಗೆಟಿವ್ ಬಂದರೆ ವಂಶದ ದೋಷ ಇಲ್ಲ ಅಂತಲ್ಲ

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ವಯಸ್ಸು ಚಿಕ್ಕದು. ಪೆಟ್ಟು ಬಿದ್ದಿಲ್ಲ, ಆಪರೇಷನ್ ಆಗಿಲ್ಲ, ಕ್ಯಾನ್ಸರ್ ಇಲ್ಲ. ಇಂಥವರಿಗೆ ವೈದ್ಯರು ಸಾಮಾನ್ಯವಾಗಿ 'ಥ್ರಾಂಬೋಫಿಲಿಯಾ ಪ್ಯಾನೆಲ್', ಅಂದರೆ ರಕ್ತ ಸುಲಭವಾಗಿ ಹೆಪ್ಪುಗಟ್ಟುವ ಸ್ವಭಾವ ಇದೆಯಾ ಅಂತ ನೋಡುವ ಪರೀಕ್ಷೆಗಳನ್ನು ಬರೆದುಕೊಡುತ್ತಾರೆ. ಜೀನ್ ವರದಿಯಲ್ಲಿ ಎದ್ದು ಕಾಣುವುದು ಹೆಪ್ಪುಗಟ್ಟುವುದನ್ನು ಹೆಚ್ಚಿಸುವ ಎರಡು ಜೀನ್ ಬದಲಾವಣೆಗಳ ಹೆಸರು: ಫ್ಯಾಕ್ಟರ್ ಫೈವ್ ಲೈಡನ್ ಮತ್ತು ಪ್ರೋಥ್ರಾಂಬಿನ್ 20210. ಎರಡೂ ನೆಗೆಟಿವ್ ಬಂದರೆ 'ವಂಶದಿಂದ ಬಂದದ್ದಲ್ಲ' ಅಂತ ಬರೆದು ಫೈಲ್ ಮುಚ್ಚುವುದುಂಟು. ರೋಗಿ ಥಾಯ್ಲೆಂಡಿನವರಾಗಿದ್ದರೆ ಆ ಮಾತು ಬರೆಯುವ ಮುಂಚೆ ಒಂದು ನಿಮಿಷ ನಿಲ್ಲಿ ಎಂದು ನಾನು ಕಿರಿಯ ವೈದ್ಯರಿಗೆ ಪದೇ ಪದೇ ಹೇಳುತ್ತೇನೆ.

ಯಾಕೆಂದರೆ ಈ ಎರಡೂ ಯುರೋಪಿನ ಮೂಲದವರಲ್ಲಿ ಕಾಣುವ ಬದಲಾವಣೆಗಳು. ಲೈಡನ್ ಎಂಬುದು ನೆದರ್ಲೆಂಡ್ಸಿನ ಊರು. ಅಲ್ಲಿನ ಸಂಶೋಧಕರು 1994ರಲ್ಲಿ ಫ್ಯಾಕ್ಟರ್ ಫೈವ್ ಲೈಡನ್ ಅನ್ನು ಗುರುತಿಸಿದರು. ಯುರೋಪಿನ ಮೂಲದವರಲ್ಲಿ ಸುಮಾರು ನೂರಕ್ಕೆ ಐದು ಮಂದಿಯಲ್ಲಿ ಇದು ಇರುತ್ತದೆ. 20,000 ವರ್ಷಗಳಿಗೂ ಹಿಂದೆ ಒಬ್ಬ ಪೂರ್ವಜರಲ್ಲಿ ಹುಟ್ಟಿ, ಅವರ ಸಂತತಿಯ ಜೊತೆ ಹರಡಿತು ಎಂಬ ಅಂದಾಜಿದೆ. ಆ ಹೊತ್ತಿಗೆ ಪೂರ್ವ ಏಷ್ಯಾದವರ ಪೂರ್ವಜರು ಬೇರೆ ದಾರಿ ಹಿಡಿದಾಗಿತ್ತು. ಹಾಗಾಗಿ ಥಾಯ್ ಜನರಲ್ಲಿ ಇದು ಹುಡುಕಿದರೂ ಸಿಗುವುದು ಅಪರೂಪ. ಇದನ್ನೇ ಹಿಡಿದು 'ಏಷ್ಯಾದವರಿಗೆ ಹೆಪ್ಪಿನ ಕಾಯಿಲೆ ಬರುವುದೇ ಇಲ್ಲ' ಎಂಬ ಮಾತು ಬಹಳ ಕಾಲ ಓಡಾಡಿತು. ಕಡಿಮೆ ಬರುತ್ತದೆ, ನಿಜ. ಬರುವುದೇ ಇಲ್ಲ ಅನ್ನುವುದು ಸುಳ್ಳು.

ಈಗ ಸ್ವಲ್ಪ ಒಳಗೆ ಹೋಗೋಣ. ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಅದೇ ಥ್ರಾಂಬಿನ್ ರಕ್ತನಾಳದ ಗೋಡೆಯ ಮೇಲಿನ ಥ್ರಾಂಬೋಮಾಡ್ಯುಲಿನ್‌ಗೆ ಅಂಟಿಕೊಂಡರೆ ಕೆಲಸ ಪೂರ್ತಿ ತಿರುಗುತ್ತದೆ. ಆಗ ಅದು ಪ್ರೋಟೀನ್ ಸಿ ಎಂಬುದನ್ನು ಎಬ್ಬಿಸುತ್ತದೆ. ಎದ್ದ ಪ್ರೋಟೀನ್ ಸಿ ಒಂದು ಕತ್ತರಿ. ಪ್ರೋಟೀನ್ ಎಸ್ ಎಂಬ ಸಹಾಯಕನ ಜೊತೆ ಸೇರಿ ಅದು ಹೆಪ್ಪುಗಟ್ಟಲು ನೆರವಾಗುವ ಪ್ರೋಟೀನ್‌ಗಳಾದ ಫ್ಯಾಕ್ಟರ್ ಫೈವ್ ಮತ್ತು ಫ್ಯಾಕ್ಟರ್ ಎಯ್ಟನ್ನು ಕತ್ತರಿಸಿ, ಹೆಪ್ಪು ಬೇಡದ ಕಡೆಗೆ ಬೆಳೆಯದಂತೆ ತಡೆಯುತ್ತದೆ.

ಯುರೋಪಿನ ಲೈಡನ್ ಬದಲಾವಣೆಯಲ್ಲಿ ಕತ್ತರಿ ಸರಿ ಇದೆ, ಫ್ಯಾಕ್ಟರ್ ಫೈವ್‌ನಲ್ಲಿ ಕತ್ತರಿಸಬೇಕಾದ ಜಾಗವೇ ಬದಲಾಗಿದೆ. ಜಪಾನಿನಲ್ಲಿ ಸಹಾಯಕ ಪ್ರೋಟೀನ್ ಎಸ್ ಬದಲಾಗಿದೆ. ಅಲ್ಲಿ ಸುಮಾರು 55 ಜನರಲ್ಲಿ ಒಬ್ಬರಿಗೆ 'ಪ್ರೋಟೀನ್ ಎಸ್ ಟೊಕುಶಿಮಾ' ಇದೆ. ಥಾಯ್ಲೆಂಡಿನಲ್ಲಿ ಬದಲಾಗಿರುವುದು ಕತ್ತರಿಯೇ. ದಾರಿ ಒಂದೇ, ಕೆಟ್ಟ ಜಾಗ ಒಂದೊಂದು ಕಡೆ ಒಂದೊಂದು. ನನಗೆ ಈ ವಿಷಯ ಇಷ್ಟೊಂದು ಹಿಡಿಸಿದ್ದೂ ಇದಕ್ಕೇ.

ಬ್ಯಾಂಕಾಕಿನ ರಾಮಾತಿಬೋದಿ ಆಸ್ಪತ್ರೆಯ ತಜ್ಞರು ಹೆಪ್ಪಿನ ತೊಂದರೆಯಾದ ಮಕ್ಕಳಲ್ಲಿ ಪ್ರೋಟೀನ್ ಸಿ ಜೀನನ್ನು ನೋಡಿದಾಗ ಒಂದು ಬದಲಾವಣೆ ಎದ್ದು ಕಂಡಿತು: ಪ್ರೋಟೀನಿನ ಅಮೈನೋ ಆಮ್ಲಗಳ ಸಾಲಿನ 147ನೇ ಜಾಗದಲ್ಲಿ ಅರ್ಜಿನಿನ್ ಬದಲು ಟ್ರಿಪ್ಟೊಫ್ಯಾನ್. ಇದು ದಕ್ಷಿಣ ಚೀನಾದ ಮೂಲದವರಲ್ಲೂ ಸಿಗುತ್ತದೆ. ಥಾಯ್ಲೆಂಡಿನಲ್ಲಿ ಚೀನೀ ಬೇರಿನ ಕುಟುಂಬಗಳು ಎಷ್ಟಿವೆ ಅಂತ ಬ್ಯಾಂಕಾಕ್ ನೋಡಿದವರಿಗೆ ಗೊತ್ತು. ವರದಿ ಓದುವವರು ಒಂದು ವಿಷಯ ನೆನಪಿಡಬೇಕು. ಹೊಸ ಎಣಿಕೆಯಲ್ಲಿ ಇದೇ ಬದಲಾವಣೆಯನ್ನು 189 ಅಂತ ಬರೆಯುತ್ತಾರೆ. ಎರಡು ಲ್ಯಾಬ್‌ಗಳ ಕಾಗದದಲ್ಲಿ ಎರಡು ಸಂಖ್ಯೆ ಕಂಡರೆ ಎರಡು ಕಾಯಿಲೆ ಅಂತ ಗಾಬರಿಯಾಗಬೇಡಿ.

ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಜೀವನಪೂರ್ತಿ ಏನೂ ಆಗದೆ ಇರುವವರೇ ಜಾಸ್ತಿ. ಇಬ್ಬರಿಂದಲೂ ಬಂದರೆ ಬೇರೆ ಕತೆ. ಪ್ರೋಟೀನ್ ಸಿ ಪೂರ್ತಿ ಇಲ್ಲದ ಮಗುವಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಸಾಯತೊಡಗುತ್ತದೆ, ಕಣ್ಣೂ ಹೋಗಬಹುದು. ಅಂಥ ಹೊತ್ತಿನಲ್ಲಿ ತಡಮಾಡದೆ ಪ್ಲಾಸ್ಮಾ ಕೊಡಬೇಕು. 147ರ ಎರಡು ಪ್ರತಿ ಇರುವವರಲ್ಲಿ ಪ್ರೋಟೀನ್ ಸ್ವಲ್ಪವಾದರೂ ಕೆಲಸ ಮಾಡುವುದರಿಂದ ತೊಂದರೆ ವರ್ಷಗಳ ನಂತರ ಕಾಣಿಸಬಹುದು. ಅಲ್ಲಿಯವರೆಗೆ ಚೆನ್ನಾಗಿ ಆಡಿಕೊಂಡಿದ್ದ ಮಗು ಅಂತ ವಂಶದ ದೋಷವನ್ನು ಯಾರೂ ಶಂಕಿಸುವುದೇ ಇಲ್ಲ.

ಪ್ರೋಟೀನ್ ಸಿ ಮಟ್ಟ ಅಳೆದರೆ ಸಾಕಲ್ವಾ ಅಂತ ಕೇಳಬಹುದು. ಸಾಕಾಗುವುದಿಲ್ಲ. ಹೆಪ್ಪುಗಟ್ಟಿದ ಹೊಸದರಲ್ಲಿ ಅದು ಖರ್ಚಾಗಿ ಇಳಿದಿರುತ್ತದೆ. ಹೆಪ್ಪು ತಡೆಯುವ ಮಾತ್ರೆ ವಾರ್ಫರಿನ್ ತಗೊಂಡರೆ ಇಳಿಯುತ್ತದೆ, ಲಿವರ್ ಕೆಟ್ಟರೂ ಇಳಿಯುತ್ತದೆ. ಮಕ್ಕಳಲ್ಲಿ ಸಹಜವಾಗಿಯೇ ದೊಡ್ಡವರಿಗಿಂತ ಕಡಿಮೆ. ಇನ್ನು ಚೀನೀಯರಲ್ಲಿ ಕಾಣುವ ಇನ್ನೊಂದು ಬದಲಾವಣೆ ಇದೆ, 150ನೇ ಜಾಗದ ಲೈಸಿನ್ ಒಂದು ಬಿಟ್ಟುಹೋಗಿರುತ್ತದೆ. ಅಲ್ಲಿ ಲ್ಯಾಬ್‌ಗಳು ಸಾಮಾನ್ಯವಾಗಿ ಬಳಸುವ ಬಣ್ಣದ ಪರೀಕ್ಷೆಯಲ್ಲಿ ಸಂಖ್ಯೆ ಸರಿಯಾಗೇ ಬರುತ್ತದೆ, ಆದರೆ ಹೆಪ್ಪು ತಡೆಯುವ ಕೆಲಸ ಕುಗ್ಗಿರುತ್ತದೆ. ಜೀನ್ ಪರೀಕ್ಷೆಗೆ ಈ ಗೊಂದಲ ಯಾವುದೂ ಇಲ್ಲ. ಗೊತ್ತಿರುವ ಒಂದು ಜಾಗ ನೋಡುವುದು ಪಿಸಿಆರ್ (ಜೀನಿನ ಒಂದು ತುಣುಕನ್ನು ನಕಲು ಮಾಡಿ ನೋಡುವ ವಿಧಾನ) ಬಳಸಿ ಮಾಡುವ ಸಣ್ಣ ಕೆಲಸ. ಥಾಯ್ ರೋಗಿಗೆ ಲೈಡನ್ ಪರೀಕ್ಷೆಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಇದು ಸುಮ್ನೆ ಹೆಸರು ಹಚ್ಚುವ ವಿಷಯವಲ್ಲ, ಚಿಕಿತ್ಸೆಯೇ ಬದಲಾಗುತ್ತದೆ. ವಾರ್ಫರಿನ್ ವಿಟಮಿನ್ ಕೆ ಬಳಕೆಯನ್ನು ತಡೆಯುತ್ತದೆ. ಥ್ರಾಂಬಿನ್ ಆಗಿ ಬದಲಾಗುವ ಪ್ರೋಥ್ರಾಂಬಿನ್ ತಯಾರಾಗಲು ವಿಟಮಿನ್ ಕೆ ಬೇಕು, ಪ್ರೋಟೀನ್ ಸಿಗೂ ಬೇಕು. ರಕ್ತದಲ್ಲಿ ಇರುವ ಪ್ರೋಟೀನ್ ಸಿ ಸುಮಾರು 8 ಗಂಟೆಯಲ್ಲಿ ಅರ್ಧವಾಗುತ್ತದೆ, ಪ್ರೋಥ್ರಾಂಬಿನ್ ಅರ್ಧವಾಗಲು ಎರಡು ದಿನ ದಾಟುತ್ತದೆ. ಅಂದರೆ ಮಾತ್ರೆ ಶುರುಮಾಡಿದ ಮೊದಲ ದಿನಗಳಲ್ಲಿ ಹೆಪ್ಪು ತಡೆಯುವುದು ಮೊದಲು ಹೋಗುತ್ತದೆ, ಹೆಪ್ಪುಗಟ್ಟಿಸುವುದು ಇನ್ನೂ ಉಳಿದಿರುತ್ತದೆ. ಪ್ರೋಟೀನ್ ಸಿ ಮೊದಲೇ ಕಮ್ಮಿ ಇರುವವರಲ್ಲಿ ಆಗ ತೊಡೆ, ಎದೆ, ಹೊಟ್ಟೆಯ ಚರ್ಮ ಕಪ್ಪಾಗಿ ಕೊಳೆಯಬಹುದು. ಅದಕ್ಕೇ ಹೆಪ್ಪು ತಡೆಯುವ ಇನ್ನೊಂದು ಔಷಧವಾದ ಹೆಪಾರಿನ್ ಇಂಜೆಕ್ಷನ್ ಜೊತೆಗೆ, ವಾರ್ಫರಿನ್ ಅನ್ನು ಕಡಿಮೆ ಡೋಸಿನಿಂದ, ನಿಧಾನವಾಗಿ ಶುರುಮಾಡಬೇಕು.

ಡೋಸಿನ ಮಾತು ಬಂತಲ್ಲ, ಅಲ್ಲಿಯೂ ಥಾಯ್ ಜೀನಿನ ಕೈವಾಡ ಇದೆ. ವಾರ್ಫರಿನ್ ಹೋಗಿ ತಡೆಯುವ ಕಿಣ್ವದ ಜೀನ್ ವಿಕೆಒಆರ್‌ಸಿ1. ಅದರ ಒಂದು ಜಾಗದಲ್ಲಿ 'ಜಿ' ಅಥವಾ 'ಎ' ಅಕ್ಷರ ಇರುತ್ತದೆ. 'ಎ' ಇದ್ದರೆ ಕಿಣ್ವ ಕಡಿಮೆ ತಯಾರಾಗುತ್ತದೆ, ಔಷಧ ಸ್ವಲ್ಪವೇ ಸಾಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ವಾರ್ಫರಿನ್ ಲೇಬಲ್ಲಿಗೆ ಸೇರಿಸಿದ ಪಟ್ಟಿಯ ಪ್ರಕಾರ, ಔಷಧ ಕರಗಿಸುವ ಸಿವೈಪಿ2ಸಿ9 ಜೀನ್ ಸಾಮಾನ್ಯವಾಗಿದ್ದು, ಎರಡೂ ಪ್ರತಿ 'ಜಿ' ಆದವರಿಗೆ ದಿನಕ್ಕೆ 5–7 ಮಿಲಿಗ್ರಾಂ, ಎರಡೂ 'ಎ' ಆದವರಿಗೆ 3–4. ಥಾಯ್ ಜನರಲ್ಲಿ 'ಎ' ಜಾಸ್ತಿ. ನಮ್ಮ ದಕ್ಷಿಣ ಭಾರತದವರಲ್ಲಿ 'ಜಿ' ಜಾಸ್ತಿ. ಇಬ್ಬರೂ ಏಷ್ಯಾದವರೇ, ಆದರೆ ಬೆಂಗಳೂರಿನ ರೋಗಿಯ ಡೋಸನ್ನು ಬ್ಯಾಂಕಾಕಿನ ರೋಗಿಗೆ ಕೊಟ್ಟರೆ ರಕ್ತಸ್ರಾವಕ್ಕೆ ದಾರಿ ಮಾಡಿದಂತೆ.

ಥಾಯ್ಲೆಂಡಿನಲ್ಲಿ ವಾರ್ಫರಿನ್ ಕ್ಲಿನಿಕ್ ನಡೆಸುವುದರಲ್ಲಿ ಫಾರ್ಮಸಿಸ್ಟ್‌ಗಳ ಪಾತ್ರ ದೊಡ್ಡದು. ಅಲ್ಲಿ 2 ಮಿಲಿಗ್ರಾಂ ಮಾತ್ರೆ ಕಿತ್ತಳೆ, 3 ನೀಲಿ, 5 ಗುಲಾಬಿ ಬಣ್ಣ. ರೋಗಿಗಳು ಬಣ್ಣ ಹೇಳಿದರೆ ಡೋಸ್ ಗೊತ್ತಾಗುತ್ತದೆ. ಊಟದ ವಿಚಾರಣೆಯೂ ನಡೆಯುತ್ತದೆ. ನಾವು ತೊಂಡೆಕಾಯಿ ತಿಂದು ಸೊಪ್ಪು ಬಿಡುತ್ತೇವೆ. ಅವರು ತೊಂಡೆಯ ಎಳೆ ಸೊಪ್ಪನ್ನೇ ತಿಳಿಸಾರಿಗೆ ಹಾಕುತ್ತಾರೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಅಳತೆ ಒಂದೇ ಥರ ಇದ್ದರೆ ಸಾಕು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಪರೀಕ್ಷೆ) ನೋಡಿ ಡೋಸ್ ಹೊಂದಿಸಬಹುದು.

147ರ ಬದಲಾವಣೆ ಒಬ್ಬರಲ್ಲಿ ಸಿಕ್ಕರೆ ಒಡಹುಟ್ಟಿದವರ ಜೊತೆಗೂ ಮಾತಾಡಿ. ಆರೋಗ್ಯವಾಗಿರುವ ತಂಗಿಗೆ ಮಾತ್ರೆ ಬೇಕಿಲ್ಲ. ಆದರೆ ಅವಳು ಗರ್ಭನಿರೋಧಕ ಗುಳಿಗೆ ಆರಿಸುವಾಗ, ಬಸುರಿ ಬಾಣಂತಿಯಾದಾಗ, ದೊಡ್ಡ ಆಪರೇಷನ್‌ಗೆ ಮಲಗುವಾಗ ವೈದ್ಯರಿಗೆ ಈ ವಿಷಯ ಮೊದಲೇ ತಿಳಿದಿರಬೇಕು. ಅದನ್ನು ಒಂದು ಚೀಟಿಯಲ್ಲಿ ಥಾಯ್‌ನಲ್ಲೂ ಇಂಗ್ಲಿಷಿನಲ್ಲೂ ಬರೆದು, 147 ಮತ್ತು 189 ಎರಡೂ ಸಂಖ್ಯೆ ನಮೂದಿಸಿ ಕೊಡಿ.