ಪದ ಪರಿಚಯ: ವೈಲ್ಡ್ ಕಾರ್ಡ್

ನಮ್ಮಲ್ಲಿ ‘ವೈಲ್ಡ್ ಕಾರ್ಡ್’ ಅಂದ ತಕ್ಷಣ ನೆನಪಾಗುವುದು ಬಿಗ್ ಬಾಸ್. ಆಟ ಅರ್ಧ ಮುಗಿದ ಮೇಲೆ ಹೊಸಬರೊಬ್ಬರು ಸೂಟ್‌ಕೇಸ್ ಹಿಡಿದು ಮನೆಯೊಳಗೆ ಬರುತ್ತಾರೆ, ಒಳಗಿದ್ದವರ ಮುಖ ಸಪ್ಪಗಾಗುತ್ತದೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಅರ್ಥ ಬೇರೆ. ಅಲ್ಲಿನ ವೈಲ್ಡ್ ಕಾರ್ಡ್ ತಂಡ ಮೊದಲ ವಾರದಿಂದಲೂ ಬೆವರು ಹರಿಸಿದ ತಂಡವೇ. ತನ್ನ ಗುಂಪಿನಲ್ಲಿ ಮೊದಲ ಸ್ಥಾನ ಸಿಕ್ಕಿಲ್ಲ, ಅಷ್ಟೆ.

ಪದ ಬಂದಿದ್ದು ಇಸ್ಪೀಟಿನಿಂದ. ರಮ್ಮಿಯ ಜೋಕರ್ ಹಾಗೆ, ಯಾವ ಎಲೆಯ ಜಾಗದಲ್ಲಿ ಇಟ್ಟರೂ ನಡೆಯುತ್ತದೆ.

ಲೀಗ್‌ನಲ್ಲಿ 32 ತಂಡಗಳಿವೆ. ಎಎಫ್‌ಸಿ, ಎನ್‌ಎಫ್‌ಸಿ ಅಂತ ಎರಡು ಕಾನ್ಫರೆನ್ಸ್. ಒಂದೊಂದರಲ್ಲೂ ನಾಲ್ಕು ಡಿವಿಷನ್, ಡಿವಿಷನ್‌ಗೆ ನಾಲ್ಕು ತಂಡ. ಡಿವಿಷನ್ ಗೆದ್ದವರು ನೇರವಾಗಿ ಪ್ಲೇಆಫ್‌ಗೆ. ಕಾನ್ಫರೆನ್ಸ್‌ನ ಉಳಿದ 12 ತಂಡಗಳಲ್ಲಿ ಜಾಸ್ತಿ ಗೆದ್ದ ಮೂರಕ್ಕೆ ವೈಲ್ಡ್ ಕಾರ್ಡ್. 1970ರಲ್ಲಿ ಕಾನ್ಫರೆನ್ಸ್‌ಗೆ ಒಂದೇ ವೈಲ್ಡ್ ಕಾರ್ಡ್ ಇತ್ತು. ಹೆಚ್ಚುತ್ತಾ ಕಡಿಮೆಯಾಗುತ್ತಾ ಬಂದು 2020ರಿಂದ ಮೂರಾಗಿದೆ.

ನವೆಂಬರ್ ಬಂತೆಂದರೆ ಅರ್ಧ ಸೀಸನ್ ಮುಗಿದಿರುತ್ತದೆ. ಒಟ್ಟು 17 ಪಂದ್ಯ, 18 ವಾರ. ಆಗ ಶುರುವಾಗುತ್ತದೆ ಈ ಪದದ ಜಪ. ಡಿವಿಷನ್ ಕೈತಪ್ಪಿದ ತಂಡಗಳ ಅಭಿಮಾನಿಗಳೆಲ್ಲ ಅಂಕಪಟ್ಟಿ ಹಿಡಿದು ಕೂರುತ್ತಾರೆ, ‘ಅವರು ಸೋತು, ನಾವು ಗೆದ್ದು...’ ಅಂತ. ಐಪಿಎಲ್ ಮೇ ತಿಂಗಳು ಬಲ್ಲವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? 2024ರಲ್ಲಿ ನಮ್ಮ ಆರ್‌ಸಿಬಿ ಮೊದಲ 8ರಲ್ಲಿ 7 ಸೋತೂ ಪ್ಲೇಆಫ್ ಸೇರಿತು. 2015ರ ಕಾನ್ಸಾಸ್ ಸಿಟಿ ಚೀಫ್ಸ್ ಕಥೆಯೂ ಅದೇ. ಮೊದಲ 6ರಲ್ಲಿ 5 ಸೋತು, ಆಮೇಲೆ ಸತತ 10 ಗೆದ್ದು ವೈಲ್ಡ್ ಕಾರ್ಡ್ ಹಿಡಿಯಿತು. ಉಲ್ಟಾ ಆಗುವುದೂ ಉಂಟು. 2023ರಲ್ಲಿ 11ರಲ್ಲಿ 10 ಗೆದ್ದಿದ್ದ ಫಿಲಡೆಲ್ಫಿಯಾ ಈಗಲ್ಸ್, ಕೊನೆಯ 6ರಲ್ಲಿ 5 ಸೋತು ಡಿವಿಷನ್ ಬಿಟ್ಟುಕೊಟ್ಟಿತು.

ಸಮಬಲವಾದರೆ ನೆಟ್ ರನ್ ರೇಟ್ ಥರದ ಲೆಕ್ಕ ಮೊದಲು ಬರುವುದಿಲ್ಲ. ಪರಸ್ಪರ ಆಡಿದ್ದರೆ ಯಾರು ಗೆದ್ದರು ಎಂದು ನೋಡುತ್ತಾರೆ. ಹಾಗಾಗಿ ಅಕ್ಟೋಬರ್‌ನ ಒಂದು ಸೋಲು ಜನವರಿಯಲ್ಲಿ ಬಂದು ಕಾಡಬಹುದು.

ಈ ಪದ್ಧತಿಯಲ್ಲಿ ನನಗೆ ಸ್ವಲ್ಪ ಅನ್ಯಾಯ ಅನ್ನಿಸುವ ವಿಷಯ ಒಂದಿದೆ. ಡಿವಿಷನ್ ಗೆದ್ದವರಿಗೆ 1ರಿಂದ 4ನೇ ಶ್ರೇಯಾಂಕ. ವೈಲ್ಡ್ ಕಾರ್ಡ್‌ಗಳಿಗೆ ಎಷ್ಟೇ ಗೆದ್ದಿರಲಿ, 5ರಿಂದ 7. 1ನೇ ಶ್ರೇಯಾಂಕದವರಿಗೆ ಒಂದು ವಾರ ವಿಶ್ರಾಂತಿ, ವೈಲ್ಡ್ ಕಾರ್ಡ್‌ಗೆ ಎದುರಾಳಿಯ ಊರಿಗೆ ಬಸ್ಸು ಹತ್ತುವ ಭಾಗ್ಯ. 2024ರ ಸೀಸನ್‌ನ ಕೊನೆಯ ವಾರ ಮಿನೆಸೋಟ ವೈಕಿಂಗ್ಸ್, ಡೆಟ್ರಾಯಿಟ್ ಲಯನ್ಸ್ ಎರಡೂ 14 ಗೆದ್ದು ಎದುರುಬದುರಾದವು. ಒಂದೇ ಡಿವಿಷನ್. ಗೆದ್ದವರಿಗೆ 1ನೇ ಶ್ರೇಯಾಂಕ, ಸೋತವರಿಗೆ 5. ಲಯನ್ಸ್ 31-9ರಿಂದ ಗೆದ್ದಿತು. ವೈಕಿಂಗ್ಸ್ ಮುಂದಿನ ವಾರವೇ, 10 ಪಂದ್ಯವಷ್ಟೇ ಗೆದ್ದಿದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್ ವಿರುದ್ಧ ಅತಿಥಿ ತಂಡವಾಗಿ ಆಡಿ 27-9ರಿಂದ ಸೋತಿತು.

ಇತ್ತ ವಾರವಿಡೀ ವಿಶ್ರಾಂತಿ ಪಡೆದ ಲಯನ್ಸ್ ಏನಾಯಿತು ಗೊತ್ತಾ? ತನ್ನ ಮೈದಾನದಲ್ಲೇ ವಾಷಿಂಗ್ಟನ್ ಕಮಾಂಡರ್ಸ್‌ಗೆ 45-31ರಿಂದ ಶರಣಾಯಿತು. ವಾಷಿಂಗ್ಟನ್ ಬಂದಿದ್ದೂ ವೈಲ್ಡ್ ಕಾರ್ಡ್‌ನಲ್ಲೇ, 6ನೇ ಶ್ರೇಯಾಂಕದಲ್ಲಿ.